ಮೂಗಣ್ಣನ ರಜೆ

ನೆಗಡಿ ಬಂದ ಹಾಗೆ ಹೋಯಿತು. ಹೋಗುವಾಗ ಮೂಗಣ್ಣನ ಅನ್ನಕ್ಕೇ ಕಲ್ಲು ಹಾಕಿ ಹೋಯಿತು. ಚಹಾ ಕಂಪನಿಯಲ್ಲಿ ರುಚಿ ನೋಡುವುದೇ ಅವನ ಕೆಲಸ. ಮೂಸಿ, ಸೊರ್ರೆಂದು ಹೀರಿ, ಉಗಿದು, ಇದು ಚಹಾ, ಇದು ಕಸ ಎಂದು ತೀರ್ಪು ಕೊಡುತ್ತಿದ್ದ ಆ ಮೂಗಿಗೆ ಈಗ ಸೀಮೆಎಣ್ಣೆಯೂ ಒಂದೇ, ಸಾಬೂನೂ ಒಂದೇ.

"ನಾಲಿಗೆಗೆ ಗೊತ್ತಿರೋದು ಉಪ್ಪು, ಹುಳಿ, ಸಿಹಿ, ಕಹಿ ಇಷ್ಟೇ ಕಣಯ್ಯಾ. ಮಿಕ್ಕ ರುಚಿಯೆಲ್ಲ ಮೂಗಿಂದು" ಎಂದರು ಡಾಕ್ಟರು. "ಮೂಗಿನ ಮೇಲ್ಗಡೆ ವಾಸನೆ ಹಿಡಿಯೋ ನರಗಳಿವೆ, ಅವನ್ನ ಸಾಕೋ ಜೀವಕೋಶಗಳಿವೆ. ವೈರಸ್ಸು ಆ ಸಾಕೋರನ್ನ ಹೊಡೆದಿದೆ. ನೋಡ್ಕೊಳ್ಳೋರಿಲ್ದೆ ನರ ಕೆಲಸ ಬಿಟ್ಟಿದೆ. ಮತ್ತೆ ಸರಿಹೋಗಬಹುದು, ವಾರಗಟ್ಲೆ ಬೇಕು. ರಜೆ ಹಾಕು."

"ಅಡುಗೆಯೋರನ್ನ ಹೊಡೆದು ಮನೆಯೋರನ್ನ ಉಪವಾಸ ಕೆಡವೋದಾ? ಎಂಥ ಅನ್ಯಾಯ!" ಮೂಗಣ್ಣ ಕಿಡಿಕಿಡಿಯಾದ.

ಮ್ಯಾನೇಜರು ರಜೆ ಕೊಟ್ಟರೆ ತಾನೇ? "ಮೂಗು ಮುಖದ ಮೇಲೇ ಇದೆಯಲ್ರೀ! ಕಾಲು ಮುರಿದಿದ್ರೆ ಕಾಣ್ತಿತ್ತು. ದೊಡ್ಡ ಗಿರಾಕಿ ಬರೋ ದಿನವೇ ನಿಮ್ಮ ನಾಟಕ!"

ಆಫೀಸಿನ ಉಪಕಾರಿಗಳೂ ಸುಮ್ಮನಿರಲಿಲ್ಲ. ಟೈಪಿಸ್ಟ್ ಅಕ್ಕ ಮೆಣಸಿನ ಪುಡಿ ಮೂಸಿಸಿದಳು. ಗೋದಾಮಿನ ಮಾವ ಈರುಳ್ಳಿ ಜಜ್ಜಿ ಮೂಗಿಗೆ ಹಿಡಿದ. ಕಣ್ಣಲ್ಲಿ ನೀರು ಬಂತು. ಮೂಗಿಗೆ ಮಾತ್ರ ವಾಸನೆ ಬರಲಿಲ್ಲ.

ಹೇಳಿದರೆ ನಂಬುವುದಿಲ್ಲ ತಾನೇ? ತೋರಿಸಿಯೇ ಬಿಡುತ್ತೇನೆ ಎಂದು ಹಲ್ಲು ಕಡಿದ ಮೂಗಣ್ಣ. ಎಲ್ಲರೂ ಹೊಗಳುವ ಚಹಾವನ್ನು ತಾನೊಬ್ಬ ಕಸ ಎಂದರೆ, ಮೂಗು ಸತ್ತಿರುವುದು ಕುರುಡನಿಗೂ ಕಾಣುತ್ತದೆ.

ಗಿರಾಕಿ ತಾವೇ ಒಂದು ಡಬ್ಬಿ ತಂದಿದ್ದರು. "ನನ್ನ ಹತ್ರ ಇರೋದ್ರಲ್ಲೇ ದುಬಾರಿ ಚಹಾ. ಹೇಗಿದೆ ಹೇಳಿ."

ಮ್ಯಾನೇಜರು ಹೀರಿ "ಆಹಾ!" ಎಂದರು. ಸಹಾಯಕ, ಸಂಬಳಕ್ಕೆ ತಕ್ಕಂತೆ, "ಆಹಾಹಾ!" ಎಂದ.

ಮೂಗಣ್ಣ ಉಗಿದು ಬಟ್ಟಲು ಕುಕ್ಕಿದ. "ಇದು ಚಹಾನಾ ಸ್ವಾಮಿ? ಪಾತ್ರೆ ತೊಳೆದ ನೀರು!"

ಮ್ಯಾನೇಜರ ಮುಖ ಕಪ್ಪಿಟ್ಟಿತು. ಮೂಗಣ್ಣನಿಗೆ ಸ್ವರ್ಗಕ್ಕೆ ಮೂರೇ ಗೇಣು.

ಗಿರಾಕಿ ಎದ್ದು ಬಂದು ಅವನ ಕೈ ಹಿಡಿದುಕೊಂಡರು. "ಕ್ಯಾಂಟೀನಿನಲ್ಲಿ ಸೋಸಿ ಬಿಸಾಕಿದ ಚರಟ ಒಣಗಿಸಿ, ಬಣ್ಣ ಹಾಕಿಸಿ ತಂದಿದ್ದೆ. ಹೋದ ಕಂಪನೀಲೆಲ್ಲಾ ಆಹಾ ಅಂದ್ರು. ಮೂಗು ಅಂದ್ರೆ ಇದು! ಇನ್ಮೇಲೆ ಇವ್ರು ಮೂಸದೇ ಇರೋ ಒಂದು ಪೊಟ್ಟಣವೂ ನಂಗೆ ಬೇಡ."

"ಅಯ್ಯೋ, ನನ್ನ ಮೂಗು ಸತ್ತಿದೆ ಸ್ವಾಮಿ!" ಮೂಗಣ್ಣ ಬಾಯಿ ಬಾಯಿ ಬಡಿದುಕೊಂಡ. "ಬೇಕಾದ್ರೆ ಡಾಕ್ಟ್ರನ್ನ ಕೇಳಿ!"

"ಎಂಥ ವಿನಯ ನೋಡಿ!" ಎಂದರು ಗಿರಾಕಿ.

ಮ್ಯಾನೇಜರು ರಜೆ ಅರ್ಜಿಯನ್ನು ಹರಿದು ಬುಟ್ಟಿಗೆ ಹಾಕಿದರು. "ಇಂಥ ಮೂಗಿಗೆ ರಜೆ ಕೊಟ್ರೆ ಪಾಪ ಸುತ್ಕೊಳ್ಳುತ್ತೆ ಕಣ್ರೀ. ಭಾನುವಾರವೂ ಬನ್ನಿ."

ಸಹಾಯಕ ಆಗಲೇ ಮೇಜಿನ ಉದ್ದಕ್ಕೂ ಹಬೆಯಾಡುವ ಬಟ್ಟಲುಗಳನ್ನು ಸಾಲಾಗಿ ಜೋಡಿಸುತ್ತಿದ್ದ.