ನಾಲ್ಕರಿಂದ ಭಾಗಿಸದ ಹೊರತು ಸಹಿ ಇಲ್ಲ

ನಾನು ಹಟಮಾರಿ ಎಂದು ಒಪ್ಪಿಕೊಳ್ಳುವುದಕ್ಕೆ ನನಗೆ ಎಳ್ಳಷ್ಟೂ ನಾಚಿಕೆಯಿಲ್ಲ. ಜಗತ್ತಿನಲ್ಲಿ ಎಲ್ಲರೂ ಹಟಮಾರಿಗಳೇ. ಕೆಲವರು ಅದನ್ನು ತತ್ವ ಎನ್ನುತ್ತಾರೆ, ಕೆಲವರು ಅನುಭವ ಎನ್ನುತ್ತಾರೆ. ನನ್ನ ಹೆಂಡತಿ ನೀಲವ್ವ ಮಾತ್ರ ನನ್ನದನ್ನು ಅದರ ನಿಜವಾದ ಹೆಸರಿನಿಂದಲೇ ಕರೆಯುತ್ತಾಳೆ. ಮನುಷ್ಯನ ಹಟವನ್ನು ಅಳೆಯಲು ಸಾಧನವಿಲ್ಲ. ಚಕ್ರದ ಹಟವನ್ನು ಅಳೆಯಬಹುದು. ನಿಂತ ಚಕ್ರ ಸುಲಭಕ್ಕೆ ತಿರುಗಲೊಲ್ಲದು, ತಿರುಗತೊಡಗಿದ ಚಕ್ರ ಸುಲಭಕ್ಕೆ ನಿಲ್ಲಲೊಲ್ಲದು. ಈ ಮೊಂಡುತನಕ್ಕೆ ಎಂಜಿನಿಯರುಗಳು ಮೊಮೆಂಟ್ ಆಫ್ ಇನರ್ಷಿಯಾ ಎಂದು ಗಂಭೀರವಾದ ಹೆಸರಿಟ್ಟು, ಅದರ ಲೆಕ್ಕ ಹಾಕಿ ಹೊಟ್ಟೆ ಹೊರೆಯುತ್ತಾರೆ. ಎಪ್ಪತ್ತರ ದಶಕದ ಆರಂಭದಲ್ಲಿ ನಾನೂ ಬೈಕುಲ್ಲಾದ ಒಂದು ಸಣ್ಣ ಕಾರ್ಖಾನೆಯಲ್ಲಿ ಹಾಗೆಯೇ ಹೊರೆಯುತ್ತಿದ್ದೆ.

ಅಲ್ಲಿ ತಗಡು ಒತ್ತುವ ಪ್ರೆಸ್ಸುಗಳನ್ನು ತಯಾರಿಸುತ್ತಿದ್ದರು. ನಕ್ಷೆ ವಿಭಾಗದ ಯಜಮಾನರು ಪರಾಂಜಪೆ ಸಾಹೇಬರು. ಅವರ ಬಿಳಿ ಅಂಗಿಗೆ ಎಂದೂ ಮಸಿ ತಾಗಿದ್ದನ್ನು ಕಂಡವರಿಲ್ಲ. ದೇಶಕ್ಕೆ ಮೀಟರು, ಕಿಲೋ ಬಂದು ವರ್ಷಗಳಾಗಿದ್ದವು. ಸಾಹೇಬರೂ ಬದನೆಕಾಯಿಯನ್ನು ಕಿಲೋ ಲೆಕ್ಕದಲ್ಲೇ ಕೊಳ್ಳುತ್ತಿದ್ದರು. ಆದರೆ ಆಫೀಸಿನ ಹೊಸ್ತಿಲು ದಾಟಿದರೆ ಅಡಿ ಮತ್ತು ಪೌಂಡು ಮಾತ್ರ. ಅವರ ರಟ್ಟು ಕಿತ್ತುಹೋದ ಇಂಗ್ಲಿಷ್ ಕೈಪಿಡಿಯಲ್ಲಿ ಹಾಗಿತ್ತು, ಆದ್ದರಿಂದ ಲೋಕವೂ ಹಾಗೆಯೇ ಇರಬೇಕಿತ್ತು.

ಹೀಗಿರುವಾಗ ಜರ್ಮನಿಯ ಪ್ರೆಸ್ಸೊಂದರ ನಕ್ಷೆ ನನ್ನ ಮೇಜಿಗೆ ಬಂತು. ಅದರಲ್ಲಿದ್ದ ಚಕ್ರದ ಹಟ ಇಪ್ಪತ್ತು. ಜರ್ಮನರ ರೂಢಿಯಲ್ಲಿ ಅದು ಕಿಲೋ ತೂಕವನ್ನು ವ್ಯಾಸದ ವರ್ಗದಿಂದ ಗುಣಿಸಿದ್ದು, ವ್ಯಾಸ ಮೀಟರಿನಲ್ಲಿ. ಸಾಹೇಬರ ಕೈಪಿಡಿಗೆ ಬೇಕಾದದ್ದು ಪೌಂಡು ತೂಕವನ್ನು ತ್ರಿಜ್ಯದ ವರ್ಗದಿಂದ ಗುಣಿಸಿದ್ದು, ತ್ರಿಜ್ಯ ಅಡಿಯಲ್ಲಿ. ನಾನು ಲೆಕ್ಕ ಮಾಡಿ ಮೂವತ್ತಾರು ಎಂದೆ. ಸಾಹೇಬರು ತಾವೇ ಮಾಡಿ ಇನ್ನೂರ ಮೂವತ್ತೇಳು ಎಂದರು. ನಾನು ಅವರ ಹಾಳೆಯ ಮೊದಲ ಸಾಲು ನೋಡಿದೆ. ವ್ಯಾಸದಿಂದ ತ್ರಿಜ್ಯಕ್ಕೆ ಬರಲು ಎರಡರಿಂದ ಭಾಗಿಸಿದ್ದರು. ಅದು ವರ್ಗ, ನಾಲ್ಕರಿಂದ ಭಾಗಿಸಬೇಕು ಎಂದೆ.

"ಆಧಾ ಮತಲಬ್ ಆಧಾ, ಹಿರೇಮಠ," ಎಂದರು ಸಾಹೇಬರು. "ಪಚ್ಚೀಸ್ ಸಾಲ್ ಸೆ ಆಧಾ ಕರ್ತಾ ಹೂಂ." ಅರ್ಧ ಎಂದರೆ ಅರ್ಧವೇ, ಇಪ್ಪತ್ತೈದು ವರ್ಷದಿಂದ ಅರ್ಧವನ್ನೇ ಮಾಡುತ್ತ ಬಂದವರು ಅವರು. ನನ್ನ ಹಾಳೆಯಲ್ಲಿ ನಾಲ್ಕನ್ನು ಕಂಡದ್ದೇ ಅದನ್ನು ಬದಿಗೆ ಸರಿಸಿ, ತಮ್ಮ ಅಂಕಿ ಹಾಕಿದ ನಕ್ಷೆಯನ್ನು ಮುಂದಿಟ್ಟರು. ನಕ್ಷೆಯ ಕೆಳಗಿನ ಬಲಮೂಲೆಯಲ್ಲಿ ಪುಟ್ಟ ಚೌಕಗಳಿರುತ್ತವೆ. ಬರೆದವನದೊಂದು, ತಪಾಸಣೆ ಮಾಡಿದವನದೊಂದು. ಅಲ್ಲಿ ನಾವು ಇನಿಶಿಯಲ್ ಹಾಕದೆ ನಕ್ಷೆ ಎರಕದ ಮನೆಗೆ ಹೋಗುವಂತಿಲ್ಲ. ನಾನು ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡು, ಹಾಕುವುದಿಲ್ಲ ಎಂದೆ. ಚಕ್ರ ವಿಪರೀತ ಭಾರವಾದರೆ ಮೋಟರು ಅದನ್ನು ತಿರುಗಿಸಲಾರದೆ ಸುಟ್ಟುಹೋಗುತ್ತದೆ, ಆಮೇಲೆ ಚೌಕದಲ್ಲಿ ಯಾರ ಹೆಸರಿದೆ ಎಂದು ಹುಡುಕುತ್ತಾರೆ. ಆಗ ನನಗೆ ಇನ್ನೂ ನೌಕರಿ ಕಾಯಂ ಆಗಿರಲಿಲ್ಲ. ಕಾಯಂ ಪತ್ರಕ್ಕೆ ಶಿಫಾರಸು ಮಾಡಬೇಕಾದವರು ಇದೇ ಸಾಹೇಬರು. ಅವರು ಅದನ್ನು ನನಗೆ ನೆನಪಿಸಿದರು ಕೂಡ.

ಸಯನ್ನಿನ ನಮ್ಮ ಒಂದು ಕೋಣೆಯ ಮನೆಯಲ್ಲಿ ಆ ಸಂಜೆ ಜೋಳದ ರೊಟ್ಟಿ. ನೀಲವ್ವ ಎಲ್ಲ ಕೇಳಿ, "ಹಾಕಿಬಿಡ್ರಿ ಒಂದು ಸಹಿ. ನಿಮ್ಮ ಗಂಟೇನು ಹೋಗತೈತಿ?" ಎಂದಳು. ನಾನು ರೊಟ್ಟಿಯನ್ನೇ ಕೈಗೆತ್ತಿಕೊಂಡು ಪಾಠ ಮಾಡಿದೆ. ಉದ್ದಕ್ಕೆ ಅರ್ಧ ಮುರಿದೆ, ಅಡ್ಡಕ್ಕೆ ಅರ್ಧ ಮುರಿದೆ. ಎರಡೂ ಕಡೆ ಅರ್ಧ ಮಾಡಿದರೆ ಉಳಿಯುವುದು ಕಾಲು, ಅರ್ಧವಲ್ಲ. ಇದಕ್ಕೇ ವರ್ಗ ಎನ್ನುತ್ತಾರೆ. ಇಷ್ಟು ಸರಳ ಸತ್ಯಕ್ಕಾಗಿ ನಾನು ನೌಕರಿ ಬಿಡಲೂ ತಯಾರು ಎಂದೆ.

"ಸಾಹೇಬ್ರು ತಪ್ಪಿರಬಹುದು," ಎಂದಳು ಅವಳು. "ನೀವೂ ಎಲ್ಲ್ಯಾರ ತಪ್ಪಿರಬಹುದಲ್ರಿ?"

ಇಂಥ ಪ್ರಶ್ನೆಗೆ ಉತ್ತರ ಕೊಡುವುದು ನನ್ನ ಘನತೆಗೆ ಕಡಿಮೆ ಎನಿಸಿತು. ಎರಡು ದಿನದಲ್ಲಿ ನಮ್ಮ ಚಾಳಿನ ವಠಾರಕ್ಕೆಲ್ಲ ಸುದ್ದಿ ಹಬ್ಬಿ, ಪಕ್ಕದ ಕೋಣೆಯ, ನಾವು ವಹಿನಿ ಎನ್ನುತ್ತಿದ್ದ ಮರಾಠಿ ಹೆಂಗಸು ನನ್ನ ಧೈರ್ಯಕ್ಕೆ ಮೆಚ್ಚಿ ಒಂದು ಬಟ್ಟಲು ಶ್ರೀಖಂಡ ಕಳಿಸಿದರು. ಶ್ರೀಖಂಡ ತಿಂದ ಮೇಲೆ ಹಿಂದೆ ಸರಿಯುವ ಮಾತೇ ಇರಲಿಲ್ಲ. ಲೋಕಲ್ ರೈಲಿನಲ್ಲಿ ಕಂಬಿ ಹಿಡಿದು ನಿಂತು, ನಾನು ಮನಸ್ಸಿನಲ್ಲೇ ಸಾಹೇಬರ ವಿರುದ್ಧ ಭಾಷಣಗಳನ್ನು ಮಾಡಿದೆ. ಬಹಳ ಒಳ್ಳೆಯ ಭಾಷಣಗಳು ಅವು.

ನಕ್ಷೆ ಕೆಳಗಿಳಿಯದೆ ಮೂರು ದಿನವಾದಾಗ ಕಾರ್ಖಾನೆಯ ಒಡೆಯರಾದ ಸೇಠರು ಮೇಲೆ ಬಂದರು. ಅವರಿಗೆ ವರ್ಗವೂ ಗೊತ್ತಿಲ್ಲ, ತ್ರಿಜ್ಯವೂ ಗೊತ್ತಿಲ್ಲ, ಜಗಳ ಗೊತ್ತು. "ಅರೇ ಬಾಬಾ, ಇಸ್ಕಾ ಕಾಗಜ್ ಉಸ್ಕೊ ದೋ, ಉಸ್ಕಾ ಇಸ್ಕೊ," ಎಂದು ನಮ್ಮ ಹಾಳೆಗಳನ್ನು ಅದಲು ಬದಲು ಮಾಡಿ, ಇಬ್ಬರ ಕೈಗೂ ಕೆಂಪು ಪೆನ್ಸಿಲು ಕೊಟ್ಟು, ಚಹಾ ತರಿಸಿ ಎದುರಿಗೇ ಕುಳಿತರು. ನಾನು ಸಾಹೇಬರ ಹಾಳೆಯ ಆ ಎರಡರ ಸುತ್ತ ದೊಡ್ಡ ಕೆಂಪು ಸುತ್ತು ಎಳೆದೆ. ಉಳಿದ ಸಾಲುಗಳನ್ನು ಅಂದೇ ಮೊದಲ ಸಲ ಓದಿದೆ. ಎಲ್ಲ ಸರಿಯಿತ್ತು. ಕಿಲೋದಿಂದ ಪೌಂಡಿಗೆ ಎರಡು ಪಾಯಿಂಟ್ ಎರಡು, ಅದು ನನ್ನದರಲ್ಲೂ ಇತ್ತು. ಮೀಟರಿನಿಂದ ಅಡಿಗೆ ಬರಲು ಮೂರು ಪಾಯಿಂಟ್ ಎರಡು ಎಂಟರಿಂದ ಅವರು ಎರಡು ಸಲ ಗುಣಿಸಿದ್ದರು. ಅದೂ ವರ್ಗ ತಾನೇ!

ತಲೆಯೆತ್ತಿ ನೋಡಿದರೆ, ಸಾಹೇಬರು ನನ್ನ ಹಾಳೆಯ ಮೂರನೆಯ ಸಾಲಿಗೆ ನಿಧಾನವಾಗಿ ಸುತ್ತು ಎಳೆಯುತ್ತಿದ್ದರು. ನಾನು ಒಂದೇ ಸಲ ಗುಣಿಸಿದ್ದೆ. ಮೂರು ದಿನ ಇಡೀ ಬೈಕುಲ್ಲಾಕ್ಕೆ ವರ್ಗದ ಪಾಠ ಹೇಳಿದವನು ನಾನು.

ನಿಜವಾದ ಉತ್ತರ ನೂರ ಹದಿನೆಂಟು. ಸಾಹೇಬರು ಲೆಕ್ಕದ ಪಟ್ಟಿಯಾದ ಸ್ಲೈಡ್ ರೂಲನ್ನು ಹಿಂದೆ ಮುಂದೆ ಸರಿಸಿ, ಅತ್ಯಂತ ನಯವಾಗಿ, "ಮೈಂ ದೋ ಗುನಾ ಗಲತ್, ಹಿರೇಮಠ. ತೂ ಸವಾ ತೀನ್ ಗುನಾ," ಎಂದರು. ಅವರದು ಎರಡು ಪಟ್ಟು ತಪ್ಪು, ನನ್ನದು ಮೂರೂಕಾಲು ಪಟ್ಟು. ನನ್ನ ಮೂವತ್ತಾರರ ಹಗುರ ಚಕ್ರ ಹಾಕಿದ್ದರೆ ಅದರ ಓಟ ಸಾಲದೆ ಪ್ರೆಸ್ಸು ತಗಡನ್ನು ಅರ್ಧ ಒತ್ತಿ ನಿಂತುಬಿಡುತ್ತಿತ್ತು. ಸೇಠರು ನಗುತ್ತ ಚಹಾ ಮುಗಿಸಿದರು. ನಾನು ಹೊಸ ಅಂಕಿ ಬರೆದು ಚೌಕದಲ್ಲಿ ಇನಿಶಿಯಲ್ ಹಾಕಿದೆ. ಪಕ್ಕದ ಚೌಕದಲ್ಲಿ ಸಾಹೇಬರು ಹಾಕಿದರು. ಮುಂದಿನ ವಾರ ಕಾಯಂ ಪತ್ರ ಬಂತು. ಆದರೂ ಹೇಳುತ್ತೇನೆ, ನಾಲ್ಕರ ವಿಷಯದಲ್ಲಿ ನಾನೇ ಸರಿ. ಇಂದಿಗೂ ಯಾರು ಬೇಕಾದರೂ ಬಂದು ವಾದಿಸಲಿ.

ಹಾಳೆಗಳು ಅದಲು ಬದಲಾದ ದಿನ ಸಂಜೆ ಊಟಕ್ಕೆ ಕುಳಿತಾಗ, ಸಾಹೇಬರು ತಪ್ಪು ಒಪ್ಪಿಕೊಂಡರು ಎಂದಷ್ಟೇ ಹೇಳಿದೆ.

"ಅಂದ್ರ ನೀವೂ ತಪ್ಪೀರಿ," ಎಂದಳು ನೀಲವ್ವ.

"ನಿನಗೆ ಯಾರು ಹೇಳಿದರು?"

"ಪೂರಾ ಗೆದ್ದಿದ್ರ ನೀವು ಸ್ಟೇಶನ್ನಿಂದನ ಒದರಕೋಂತ ಬರತಿದ್ರಿ."

ಇನ್ನೊಂದು ರೊಟ್ಟಿ ಹಾಕಲೇ ಎಂದು ಕೇಳಿದಳು. ಅರ್ಧ ಸಾಕು ಎಂದೆ. ಅವಳು ರೊಟ್ಟಿಯನ್ನು ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ ಮುರಿದು, ಕಾಲು ಭಾಗ ನನ್ನ ತಟ್ಟೆಗೆ ಹಾಕಿದಳು. ನಾನು ತಕರಾರಿಲ್ಲದೆ ತಿಂದೆ.