ನೆಲಮಾಳಿಗೆಯ ಬಾಗಿಲಲ್ಲಿ ಮಾವ

ನಮ್ಮ ಸೋದರಮಾವನಿಗೆ ಹೆದರಿಕೆ ಎಂದರೇನೆಂದೇ ಗೊತ್ತಿಲ್ಲ. ಈ ಮಾತಿಗೆ ಇರುವ ಒಬ್ಬರೇ ಸಾಕ್ಷಿ ಅವರೇ. ಬೀದಿಯಲ್ಲಿ ನಾಯಿ ಕಂಡರೆ ಪಕ್ಕದ ಗಲ್ಲಿಗೆ ತಿರುಗಿಬಿಡುತ್ತಾರೆ. ಪಾಪ, ನಾಯಿ ಹೆದರಿಕೊಳ್ಳಬಾರದಲ್ಲ! ಗುಡುಗು ಶುರುವಾದರೆ ಅವರಿಗೆ ಮಂಚದ ಕೆಳಗೆ ಏನೋ ಹುಡುಕುವ ಕೆಲಸ ನೆನಪಾಗುತ್ತದೆ.

ಇಂಥವರು ಗುಮಾಸ್ತರ ಕೆಲಸದಿಂದ ನಿವೃತ್ತರಾಗಿ ನಾಗಮಂಗಲದ ಮನೆಯಲ್ಲಿ ಕೂತ ಮೇಲೆ, ಇದ್ದಕ್ಕಿದ್ದಂತೆ ಕಂಪ್ಯೂಟರಿನಲ್ಲಿ ದೆವ್ವದ ಆಟ ಆಡಲು ಶುರು ಮಾಡಿದರು. ಹಾಳು ಬಂಗಲೆ, ಕೈಯಲ್ಲೊಂದು ಟಾರ್ಚು, ಎಲ್ಲೋ ಅಳುವ ಹೆಂಗಸು. ನಾನು ಶ್ರೀರಂಗಪಟ್ಟಣದಲ್ಲಿ ಕಂಪ್ಯೂಟರ್ ರಿಪೇರಿ ಮಾಡುವವನು. ಒಂದು ದಿನ ಮಾವನ ಫೋನು ಬಂತು.

“ಲೇ, ಗೇಮು ಕೆಟ್ಟೋಗದೆ ಕಣ್ಲಾ. ನೆಲಮಾಳ್ಗೆ ಬಾಗ್ಲು ತೆಗೀತಿದ್ದಂಗೆ ಪಟ್ ಅಂತ ಮುಚ್ಕೊಂಡು ಬರೀ ಡೆಸ್ಕ್‌ಟಾಪು ಕಾಣ್ತದೆ.”

“ಎರರ್ ಅಂತ ಏನಾದ್ರೂ ಬತ್ತದಾ ಮಾವ?”

“ಏನೂ ಇಲ್ಲ. ಮುಚ್ಕೋತದೆ, ಅಷ್ಟೆಯ.”

ಗ್ರಾಫಿಕ್ಸ್ ಡ್ರೈವರ್ ಹಳೆಯದಾಗಿರಬಹುದು, ಹೊಸದು ಹಾಕಿ ಎಂದೆ. “ಡ್ರೈವರ್ರು ಯಾಕ್ಲಾ, ನಾನೇನ್ ಬಸ್ ಓಡುಸ್ತಾ ಇದ್ದೀನಾ?” ಎಂದರು. ಫೋನಿನಲ್ಲೇ ಹೇಳಿಕೊಟ್ಟು ಅದನ್ನೂ ಹಾಕಿಸಿದೆ. ಆಟವನ್ನು ಅಳಿಸಿ ಮತ್ತೆ ಹಾಕಿಸಿದೆ. ಜಗ್ಗಲಿಲ್ಲ. ಕೊನೆಗೆ ಪಾಂಡವಪುರದ ಮೇಲೆ ಬಸ್ಸು ಹಿಡಿದು ನಾನೇ ಹೋದೆ. ಸಿಪಿಯು ಬಿಚ್ಚಿ ಫ್ಯಾನಿನ ಧೂಳು ತೆಗೆದು, ಪರೀಕ್ಷೆ ಮಾಡೋಣವೆಂದು ಆಡಲು ಕೂತೆ.

ಹೊರಗೆ ಮಟಮಟ ಮಧ್ಯಾಹ್ನ. ಮಾವ ಕಿಟಕಿ ಮುಚ್ಚಿದ್ದರು. ಬಂಗಲೆಯೊಳಗೆ ಕಾಲಿಟ್ಟೊಡನೆ ನನ್ನ ಬೆನ್ನು ತಣ್ಣಗಾಯಿತು. ಹಿಂದೆ ಯಾರದೋ ಉಸಿರು. ಅದು ಆಟದ್ದೋ ಮಾವನದೋ ತಿಳಿಯಲಿಲ್ಲ. ನೆಲಮಾಳಿಗೆಯ ಬಾಗಿಲು ಕಿರುಗುಟ್ಟಿತು. ಕತ್ತಲಿಂದ ಬಿಳಿಚಿದ ಕೈಯೊಂದು ಹೊರಗೆ ಬಂತು. ನಾನು ಕಿರುಚಿಕೊಂಡೆ. ಮಾವ ಕಿರುಚಲಿಲ್ಲ, ಅವರು ಆಗಲೇ ಅಡುಗೆಮನೆಯಲ್ಲಿದ್ದರು. ಆಟ ಮಾತ್ರ ಮುಚ್ಚಿಕೊಳ್ಳಲಿಲ್ಲ.

“ನೀನ್ ಕುಂತ್ರೆ ನೆಟ್ಗೆ ಓಡ್ತದೆ ನೋಡು,” ಎಂದು ಅಲ್ಲಿಂದಲೇ ದೂರಿದರು.

ಅವರನ್ನು ಕರೆತಂದು ಕೂರಿಸಿ, ಪರದೆಯನ್ನು ಬಿಟ್ಟು ಅವರ ಕೈಗಳನ್ನೇ ನೋಡುತ್ತ ನಿಂತೆ. ಬಾಗಿಲು ಕಿರುಗುಟ್ಟಿತು. ಮಾವನ ಎಡಗೈಯ ಎರಡು ಬೆರಳು ತಾವಾಗಿಯೇ ಜಿಗಿದು ಎರಡು ಗುಂಡಿ ಒತ್ತಿದವು. ಆಲ್ಟ್, ಎಫ್ ಫೋರ್. ಆಟ ಮಾಯ.

“ಮಾವ, ಮುಚ್ತಾ ಇರೋದು ನೀವೇ!”

ಅವರು ತಮ್ಮ ಬೆರಳುಗಳನ್ನು ಯಾರೋ ಅಪರಿಚಿತರನ್ನು ನೋಡುವಂತೆ ನೋಡಿದರು. “ಆಫೀಸ್ ಕಂಪ್ಯೂಟರಲ್ಲಿ ಇಸ್ಪೀಟ್ ಆಡ್ವಾಗ ಸಾಯೇಬ್ರು ಬಂದ್ರೆ ಇಂಗೇ ಮುಚ್ಬುಡ್ತಿದ್ದೆ ಕಣ್ಲಾ. ಬೆರಳು ಪಳಗೋಗವೆ.”

ನಾನು ಬಿದ್ದು ಬಿದ್ದು ನಕ್ಕೆ. “ಇಷ್ಟು ಎದ್ರಿಕೆ ಇರೋರು ಈ ಆಟ ಯಾಕೆ ಆಡ್ತೀರಿ ಮಾವ?”

ಅವರು ಅತ್ತೆಯಿದ್ದ ಅಡುಗೆಮನೆಯ ಕಡೆ ಒಮ್ಮೆ ನೋಡಿ, ನನ್ನ ಬೆರಳು ಹಿಡಿದು ತಮ್ಮ ಕತ್ತಿನ ಪಕ್ಕಕ್ಕೆ ಒತ್ತಿಕೊಂಡರು. ಚರ್ಮದಡಿ ಗಟ್ಟಿಯಾದ ಒಂದು ಗಂಟು.

“ಚೂರು ತೆಗ್ದು ಟೆಸ್ಟ್ ಮಾಡ್ಬೇಕು ಅಂದವ್ರೆ ಮೈಸೂರ್ ಡಾಕ್ಟ್ರು. ಓಗಕ್ಕೆ ಕಾಲೇ ಬತ್ತಿಲ್ಲ. ಅದ್ಕೆ ಇದ್ರಲ್ಲಿ ಎದ್ರುಕೊಂಡ್ ಎದ್ರುಕೊಂಡ್ ರೂಢಿ ಮಾಡ್ಕೊಳವ ಅಂತ. ನಿಮ್ಮತ್ತೆಗೆ ಏಳ್ಬ್ಯಾಡ.”

ನನ್ನ ನಗು ನಿಂತುಹೋಯಿತು. ಆ ವಾರವೇ ಅವರನ್ನು ಮೈಸೂರಿಗೆ ಕರೆದೊಯ್ದೆ. ಒಳಗೆ ಕರೆದಾಗ ಮಾವ ನನ್ನ ಅಂಗಿಯ ತೋಳು ಬಿಡಲಿಲ್ಲ. ನರ್ಸಮ್ಮ ಬಂದು ಮೆಲ್ಲಗೆ ಬಿಡಿಸಬೇಕಾಯಿತು.

ವರದಿ ಬರುವವರೆಗೂ ಫೋನು ಸದ್ದಾದಾಗಲೆಲ್ಲ ನನ್ನ ಎದೆ ಧಸಕ್ಕೆನ್ನುತ್ತಿತ್ತು. ಕೊನೆಗೂ ಅವರದೇ ಕರೆ ಬಂತು.

“ಕೆಟ್ಟದ್ದೇನೂ ಇಲ್ವಂತೆ ಕಣ್ಲಾ. ನಿಮ್ಮತ್ತೆಗೂ ಈಗ ಏಳ್ದೆ. ಒಂದೇ ಸಮ ಅಳ್ತಾವ್ಳೆ. ನೀನೇ ವಸಿ ಸಮಾಧಾನ ಮಾಡು,” ಎಂದು ಫೋನನ್ನು ಅತ್ತೆಗೆ ಕೊಟ್ಟರು.

ಅತ್ತೆಯ ದನಿ ಎಂದಿನಂತೆಯೇ ಇತ್ತು.

“ನಾನಲ್ಲ ಕಣಪ್ಪ,” ಎಂದರು. “ಅಳ್ತಾ ಇರೋದು ನಿಮ್ಮ ಮಾವ.”