ಧೀಮಂತರು ಮುಗಿದುಹೋದಾಗ

ಹೊಗಳುವುದು ಜನ ತಿಳಿದಷ್ಟು ಕಷ್ಟವಲ್ಲ. ಬೈಯಲು ಆ ಮನುಷ್ಯನ ಬಗ್ಗೆ ನಾಲ್ಕು ವಿಷಯವಾದರೂ ಗೊತ್ತಿರಬೇಕು. ಹೊಗಳಲು ಹೆಸರೊಂದು ಗೊತ್ತಿದ್ದರೆ ಸಾಕು. ಮುಂಬಯಿಯ ದಹಿಸರಿನ ನಮ್ಮ ಕನ್ನಡ ಸಂಘದಲ್ಲಿ, ಶಾಲು ಹೊದಿಸುವ ಮುನ್ನ ಓದುವ ಬಿನ್ನವತ್ತಳೆಗಳನ್ನು ಮೂವತ್ತು ವರ್ಷ ಬರೆದವನ ಮಾತಿದು. ಒಮ್ಮೆ ಹಳೆಯದನ್ನು ನಕಲು ಮಾಡುವ ಅವಸರದಲ್ಲಿ ಪೊದೆಮೀಸೆಯ ಗುತ್ತಿಗೆದಾರರೊಬ್ಬರನ್ನು ‘ಆದರ್ಶ ಗೃಹಿಣಿ’ ಎಂದುಬಿಟ್ಟಿದ್ದೆ. ಪಾಪ, ಅವರು ಕಣ್ಣು ಮುಚ್ಚಿ ಕೈ ಮುಗಿದೇ ಕೂತಿದ್ದರು.

ಆಗೆಲ್ಲ ದಾದರಿನ ಆಫೀಸು ಬಿಟ್ಟವನು ಮನೆಯ ದಿಕ್ಕಿಗೆ ಬೆನ್ನು ಹಾಕಿ ಲೋಕಲ್ ರೈಲು ಹತ್ತಿ, ಗ್ರಾಂಟ್ ರೋಡಿನ ಉಡುಪಿ ಹೋಟೆಲೊಂದರ ಮೂಲೆಯಲ್ಲಿ ಕೂತು ಬರೆಯುತ್ತಿದ್ದೆ. ಅಲ್ಲಿ ದೋಸೆ ಹೊಯ್ಯುವ ವಾಸಣ್ಣನೇ ನನ್ನ ಮೊದಲ ಶ್ರೋತೃ. ಕೈ ಒರೆಸಿಕೊಂಡು ಬಂದು, “ಓದಿ ನೋಡುವ ಮಾರಾಯ್ರೆ” ಎನ್ನುತ್ತಿದ್ದರು. ಕೇಳಿ ಮುಗಿಸಿ, “ಲಾಯ್ಕ ಉಂಟು. ಆದ್ರೆ ಸ್ವಲ್ಪ ಸಪ್ಪೆ. ಇನ್ನೊಂದು ‘ಧೀಮಂತ’ ಹಾಕಿ” ಎಂದು ತೀರ್ಪು ಕೊಡುತ್ತಿದ್ದರು. ಹಾಕಿದರೆ ಆ ದಿನ ದೋಸೆಯ ಮೇಲೆ ಕೇಳದೆಯೇ ಬೆಣ್ಣೆ ಬೀಳುತ್ತಿತ್ತು. ಆ ಸಂಜೆಗಳು ಮತ್ತೆ ಬರುವುದಿಲ್ಲವೆಂದು ನೆನೆದರೆ ಈಗಲೂ ಸಂಕಟವಾಗುತ್ತದೆ.

ಈಚೆಗೆ ವಾಸಣ್ಣ ನಿವೃತ್ತರಾದರು. ಸಂಘ ಅವರಿಗೆ ಸನ್ಮಾನ ನಿಶ್ಚಯಿಸಿತು. ಮನಸಾರೆ ಬರೆಯಬೇಕೆಂದು ನಾನು ಆಸೆಪಟ್ಟ ಬಿನ್ನವತ್ತಳೆ ಅದೊಂದೇ. ನಾಲ್ಕು ದಿನ ಕೂತೆ. ‘ಧೀಮಂತ’ ಗುತ್ತಿಗೆದಾರರ ಪಾಲಾಗಿತ್ತು, ‘ಅಪ್ರತಿಮ’ವನ್ನು ದಂತವೈದ್ಯರಿಗೆ ಕೊಟ್ಟಾಗಿತ್ತು, ಇದ್ದಬದ್ದ ಪದಗಳೆಲ್ಲ ಎಂಜಲು. ಕೊನೆಗೆ ‘ವಾಸಣ್ಣ, ನೀವಿಲ್ಲದಿದ್ದರೆ ನಾನು ಈ ಊರಿನಲ್ಲಿ ನಿಲ್ಲುತ್ತಲೇ ಇರಲಿಲ್ಲ’ ಎಂದು ಬರೆದೆ. ಗಾಂಭೀರ್ಯ ಸಾಲದೆಂದು ಹೊಡೆದುಹಾಕಿದೆ. ಅಷ್ಟರಲ್ಲಿ ಸಂಘದ ಕಾರ್ಯದರ್ಶಿ ಪ್ರತೀಕ್ಷಾಳ ಫೋನ್ ಬಂತು. “ಟೆನ್ಶನ್ ಮತ್ ಲೋ ಅಂಕಲ್. ನಿಮ್ಮ ಹಳೇದೆಲ್ಲ ಎಐಗೆ ಕೊಟ್ಟೆ. ದೋ ಮಿನಿಟ್‌ನಲ್ಲಿ ಹೊಸದು ಬಂತು. ಸೇಮ್ ನಿಮ್ಮ ಹಾಗೇ!” ಹೊಟ್ಟೆ ಉರಿಯಿತು. ಮೂವತ್ತು ವರ್ಷದ ನನ್ನ ಪ್ರತಿಭೆ ಎರಡು ನಿಮಿಷದ ಸರಕೆಂದು ತಿಳಿದರೆ ಯಾರಿಗೆ ತಾನೇ ಖುಷಿಯಾದೀತು?

ಸಭೆಯಲ್ಲಿ ಅದನ್ನೇ ಓದಿದರು. ನಾನು ತಲೆ ತಗ್ಗಿಸಿ ಕೇಳಿದೆ. ಒಂದು ವಾಕ್ಯವೂ ನನಗೆ ಅಪರಿಚಿತವಾಗಿರಲಿಲ್ಲ. ವಾಸಣ್ಣ ಶಾಲು ಹೊದ್ದೇ ವೇದಿಕೆಯಿಂದ ಇಳಿದು ಬಂದು ನನ್ನ ಕೈ ಹಿಡಿದುಕೊಂಡರು. ಕಣ್ಣು ತುಂಬಿತ್ತು. “ಇಷ್ಟು ವರ್ಷ ಬೇರೆಯವರದ್ದೇ ಕೇಳಿದೆ ಮಾರಾಯ್ರೆ. ಇವತ್ತು ನನಗೂ ಬರೆದಿರಲ್ಲ!”

ಬರೆದದ್ದು ನಾನಲ್ಲ ಎನ್ನಲು ಬಾಯಿ ತೆರೆದೆ. ಹೊಡೆದುಹಾಕಿದ ಆ ಸಾಲನ್ನಾದರೂ ಹೇಳಬಹುದಿತ್ತು. “ಎಲ್ಲ ನಿಮ್ಮ ಆಶೀರ್ವಾದ” ಎಂದುಬಿಟ್ಟೆ. ಸನ್ಮಾನ ಮಾಡಿಸಿಕೊಂಡವರೆಲ್ಲ ಹೇಳುವ ಆ ಮಾತೂ ನನ್ನ ಸ್ವಂತದ್ದಲ್ಲ.